ಹಣ ಲಭ್ಯವಿದ್ದಲ್ಲಿ

ನಮ್ಮ ಕಚೇರಿಯ ಆ ಹಿರಿಯರಿಗೆ ನಗುವ ಜನರ ಮೇಲೆ ನಂಬಿಕೆ ಇರಲಿಲ್ಲ. ಅದರಲ್ಲೂ ಕೈಯಲ್ಲಿ ನಕಾಶೆ ಹಿಡಿದುಕೊಂಡು ನಗುವವರನ್ನು ಕಂಡರೆ ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಎಳೆದುಕೊಂಡು ಕೂರುತ್ತಿದ್ದರು. ರಾಜ್ಯದ ರಸ್ತೆ ಇಲಾಖೆಯವರು ರಾಜಧಾನಿ ಆಸ್ಟಿನ್‌ನಿಂದ ಬಂದು, ಇಡೀ ಟೆಕ್ಸಸ್ಸಿನ ಹೆದ್ದಾರಿಗಳನ್ನು ಬಣ್ಣಬಣ್ಣದಲ್ಲಿ ಬರೆದ ದೊಡ್ಡ ಹಾಳೆಯನ್ನು ನಮ್ಮ ಮೇಜಿನ ಮೇಲೆ ಹಾಸುತ್ತಿದ್ದರು. ನಾವೆಲ್ಲ ಡಾಲಸ್ ಎಲ್ಲಿದೆ, ಹ್ಯೂಸ್ಟನ್ ಎಲ್ಲಿದೆ ಎಂದು ಬೆರಳಿಟ್ಟು ನೋಡುತ್ತಿದ್ದರೆ, ಅವರು ಕನ್ನಡಕವನ್ನು ಹಣೆಗೇರಿಸಿ, ಹಾಳೆಯ ಮೇಲೆ ಬಾಗಿ, ನಮ್ಮ ಕೌಂಟಿಯ ಗಡಿಯನ್ನೊಂದೇ ನೋಡುತ್ತಿದ್ದರು. ಆಮೇಲೆ ಬಂದವರ ಎದುರಿಗೇ ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳುತ್ತಿದ್ದರು: "ಬಣ್ಣ ನೋಡಬ್ಯಾಡವಾ. ಗೆರಿ ಎಲ್ಲಿ ನಿಂತೈತಿ ನೋಡು. ನಿಂತಲ್ಲಿಂದ ಮುಂದ ಯಾರ ರೊಕ್ಕ, ಅದನ್ನ ಕೇಳು."

ನಾನು ಮೈಸೂರಿನವಳು. ಆರ್ಲಿಂಗ್ಟನ್‌ನಲ್ಲಿ ಓದಿ, ಮದುವೆಯಾಗಿ, ಗಂಡನ ಕೆಲಸದ ದೆಸೆಯಿಂದ ರೌಂಡ್ ರಾಕ್‌ಗೆ ಬಂದೆ. ಅಲ್ಲಿಂದ ಸಾಕಷ್ಟು ದೂರದ ಒಂದು ಕೌಂಟಿಯ ರಸ್ತೆ ವಿಭಾಗದಲ್ಲಿ ನನಗೆ ಕೆಲಸ ಸಿಕ್ಕಿತು. ಅದರ ಹೆಸರು ಹೇಳುವುದಿಲ್ಲ. ಬೇಡದ ಕಡೆ ಹೆಸರು ಹೇಳಬಾರದೆಂಬ ಪಾಠ ಅವರದೇ. ಕೌಂಟಿ ಎಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. ಆದರೆ ಮೇಲೆ ಜಿಲ್ಲಾಧಿಕಾರಿ ಇರುವುದಿಲ್ಲ, ಚುನಾಯಿತರಾದ ಐದು ಜನ ಇರುತ್ತಾರೆ. ಅವರ ಸಭೆಗೆ ಕೋರ್ಟ್ ಎಂದು ಹೆಸರು, ಅಧ್ಯಕ್ಷರಿಗೆ ಜಡ್ಜ್ ಎಂದು ಹೆಸರು. ಹಾಗಂತ ಅಲ್ಲಿ ಕೊಲೆ ದರೋಡೆಯ ವಿಚಾರಣೆ ನಡೆಯುತ್ತದೆಂದು ತಿಳಿಯಬೇಡಿ. ನಡೆಯುವುದು ರಸ್ತೆ, ಜೈಲು, ಮನೆತೆರಿಗೆಗಳ ಮಾತು.

ನಾನು ಹೇಳುತ್ತಿರುವ ಇವರು ಧಾರವಾಡದ ಕಡೆಯ ಸಿವಿಲ್ ಎಂಜಿನಿಯರ್. ಆ ಕಚೇರಿಯಲ್ಲಿ ನಾನು ಹುಟ್ಟುವ ಮೊದಲಿನಿಂದ ಇದ್ದಾರೇನೋ ಎಂಬಂತೆ ಕೂತಿರುತ್ತಿದ್ದರು. ರಾಜ್ಯದೊಂದಿಗೆ ಕೌಂಟಿ ಮಾಡಿಕೊಳ್ಳುವ ಯಾವ ಒಪ್ಪಂದವೂ ಅವರ ಮೇಜು ದಾಟದೆ ಜಡ್ಜ್ ಹತ್ತಿರ ಹೋಗುತ್ತಿರಲಿಲ್ಲ. ಯಾರನ್ನೂ, ಏನನ್ನೂ ನಂಬುವ ಜೀವ ಅದಲ್ಲ. ಕಾರಿಗೆ ಬೀಗ ಹಾಕಿ ನಾಲ್ಕು ಹೆಜ್ಜೆ ಹೋಗಿ, ವಾಪಸು ಬಂದು ಬಾಗಿಲು ಎಳೆದು ನೋಡುತ್ತಿದ್ದರು. ಯುಗಾದಿಗೆ ಕನ್ನಡದವರೆಲ್ಲ ಸೇರಿ ಒಬ್ಬೊಬ್ಬರು ಒಂದೊಂದು ಅಡುಗೆ ತಂದರೆ, "ಇದ ಯಾರ ಮನೀದು?" ಎಂದು ಕೇಳದೆ ಚಿತ್ರಾನ್ನಕ್ಕೂ ಚಮಚ ಹಾಕುತ್ತಿರಲಿಲ್ಲ. ಫೋನು ದಾರಿ ತೋರಿಸಿದರೆ, "ಇದಕ್ಕ ಯಾರ ಹೇಳಿಕೊಟ್ಟಾರ?" ಎಂದು ಬೇರೆ ದಾರಿಯಲ್ಲೇ ಹೋಗುತ್ತಿದ್ದರು. ಹಾಗೆ ಹೋಗಿ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡದ್ದೂ ಉಂಟು. ಆಗ ಮಾತ್ರ ಸುಮ್ಮನಿರುತ್ತಿದ್ದರು.

ಆದರೆ ವಾರಕ್ಕೊಮ್ಮೆ ನನ್ನ ಮೇಜಿನ ಮೇಲೆ ಒಂದು ಪ್ಲಾಸ್ಟಿಕ್ ಚೀಲ ಇರುತ್ತಿತ್ತು. ಮುಳ್ಳುಗಾಯಿ ಎಂದು ಅವರು ಕರೆಯುತ್ತಿದ್ದ ಬದನೆಕಾಯಿ, ಇಲ್ಲವೆ ಮೆಂತೆ, ಹಸಿಮೆಣಸು. "ನಮ್ಮಾಕಿ ಬೆಳದಿದ್ದು," ಎನ್ನುತ್ತಿದ್ದರು. ಅವರ ಹೆಂಡತಿಯನ್ನು ನಾವೆಲ್ಲ ಆಂಟಿ ಎನ್ನುತ್ತಿದ್ದೆವು. ಮನೆಯ ಹಿತ್ತಿಲಲ್ಲಿ ಬೆಳೆದದ್ದಿರಬೇಕು ಎಂದುಕೊಂಡಿದ್ದೆ. ಕೇಳಲಿಲ್ಲ, ಅವರೂ ಹೇಳಲಿಲ್ಲ.

ಜಗಳ ಬಂದದ್ದು ಒಂದು ರಸ್ತೆಯ ಮೇಲೆ.

ನಮ್ಮ ಕೌಂಟಿಯ ಪೂರ್ವಕ್ಕೆ ರಾಜ್ಯದ್ದೊಂದು ಹಳೆಯ ರಸ್ತೆ, ಬರಲು ಒಂದು ಸಾಲು, ಹೋಗಲು ಒಂದು ಸಾಲು. ರೈತರು ಹತ್ತಿ ಸಾಗಿಸಲೆಂದು ಒಂದು ಕಾಲದಲ್ಲಿ ಮಾಡಿದ್ದು. ಈಗ ಅದರ ಎರಡೂ ಬದಿಗೆ ಬಡಾವಣೆಗಳು ಎದ್ದಿದ್ದವು, ಅರ್ಧಕ್ಕರ್ಧ ನಮ್ಮವರೇ. ಬೆಳಿಗ್ಗೆ ಆಫೀಸಿಗೆ ಹೊರಟ ಕಾರುಗಳ ನಡುವೆ ಜಲ್ಲಿ ತುಂಬಿದ ಲಾರಿಗಳು. ರಾಜ್ಯದವರು ಒಂದು ಮಾತು ಮುಂದಿಟ್ಟರು: ರಸ್ತೆಯನ್ನು ನಾಲ್ಕು ಸಾಲು ಮಾಡುತ್ತೇವೆ, ರಾಜ್ಯದ ಹೆದ್ದಾರಿ ಜಾಲಕ್ಕೆ ಸೇರಿಸುತ್ತೇವೆ. ನೀವು ಪಕ್ಕದ ಜಮೀನು ಕೊಂಡು ಕೊಡಿ, ನೀರಿನ ಪೈಪು, ವಿದ್ಯುತ್ ಕಂಬ ಪಕ್ಕಕ್ಕೆ ಸರಿಸಿ ಕೊಡಿ. ಜೊತೆಗೆ ಪೇಟೆಯೊಳಗಿನ ರಾಜ್ಯದ ಎರಡು ಹಳೆಯ ರಸ್ತೆಗಳ ದುರಸ್ತಿ ಇನ್ನು ಮುಂದೆ ನಿಮ್ಮದು.

ಜಡ್ಜ್‌ಗೆ ಖುಷಿ. ಬಡಾವಣೆಯವರಿಗೆ ಇನ್ನೂ ಖುಷಿ. ಇವರು ಮಾತ್ರ ಒಪ್ಪಂದದ ಕರಡು ಹಿಡಿದು ಮೂರು ದಿನ ಕೂತರು. ನಾಲ್ಕನೆಯ ದಿನ ನನ್ನನ್ನು ಕರೆದು ಒಂದು ಸಾಲಿನ ಮೇಲೆ ಬೆರಳಿಟ್ಟರು. ರಾಜ್ಯವು ಕಾಮಗಾರಿಯನ್ನು ಕೈಗೊಳ್ಳುತ್ತದೆ, ಹಣ ಲಭ್ಯವಿದ್ದಲ್ಲಿ.

"ಎಲ್ಲಾ ಒಪ್ಪಂದದಲ್ಲೂ ಇದು ಇರತ್ತಲ್ಲ ಸರ್," ಎಂದೆ.

"ಇರ್ತೈತಿ. ನಮ್ಮ ಪಾಲಿನ ಮುಂದ ಯಾಕ ಇಲ್ಲ? ನಾವು ಜಮೀನು ಕೊಳ್ಳೂದಕ್ಕ ತಾರೀಖ ಹಾಕ್ಯಾರ. ಪೈಪ್ ಸರಸೂದಕ್ಕ ತಾರೀಖ ಹಾಕ್ಯಾರ. ಅವರ ಕೆಲಸಕ್ಕ ತಾರೀಖ ಎಲ್ಲೈತಿ, ತೋರಸು."

ಇರಲಿಲ್ಲ.

"ಅವರು ಕೆಟ್ಟವರಲ್ಲವಾ. ಇನ್ನೂರೈವತ್ತನಾಲ್ಕು ಕೌಂಟಿ ಅದಾವು, ಎಲ್ಲಾರೂ ಕೈ ಚಾಚತಾರ. ಹ್ಯೂಸ್ಟನ್ ಕೂಗಿದ್ರ ಕೇಳಸ್ತೈತಿ, ಡಾಲಸ್ ಕೂಗಿದ್ರ ಕೇಳಸ್ತೈತಿ. ನಾವು ಕೂಗಿದ್ರ ನಮಗ ಕೇಳಸ್ತೈತಿ. ಜಾಲ ಅವರ್ದು, ದಾರ ನಮ್ದು. ಹೆಣಿಯೂದು ಯಾವಾಗಂತ ಬರದು ಕೊಡ್ರಿ ಅಂದ್ರ ತಪ್ಪೇನು?"

ಅವರು ಟಿಪ್ಪಣಿ ಬರೆದರು. ರಾಜ್ಯದಿಂದ ತಾರೀಖು ಸಿಗುವವರೆಗೆ ಸಹಿ ಬೇಡ ಎಂಬುದು ಅದರ ಮೊದಲ ಪುಟ. ಜಡ್ಜ್ ಗೊಣಗಿ ಒಪ್ಪಿದರು. ತಾರೀಖು ಬರಲಿಲ್ಲ, ಸಹಿಯೂ ಆಗಲಿಲ್ಲ. ಒಂದು ವರ್ಷ ಹಾಗೇ ಹೋಯಿತು.

ಆ ವರ್ಷವೇ ನನ್ನ ಗೆಳತಿಗೆ ಅಪಘಾತವಾದದ್ದು. ಅದೇ ರಸ್ತೆಯ ತಿರುವಿನಲ್ಲಿ ಅವಳ ಬಡಾವಣೆ. ಎಡಕ್ಕೆ ತಿರುಗಲು ಬೇರೆ ಸಾಲು ಇಲ್ಲದ್ದರಿಂದ ರಸ್ತೆ ಮಧ್ಯದಲ್ಲೇ ನಿಂತು ಕಾಯಬೇಕು. ಅವಳು ಹಾಗೆ ನಿಂತಿದ್ದಾಗ ಹಿಂದಿನಿಂದ ಪಿಕಪ್ ಟ್ರಕ್ ಒಂದು ಬಂದು ಹೊಡೆಯಿತು. ಹಿಂದಿನ ಸೀಟಿನಲ್ಲಿದ್ದ ಮಗಳಿಗೆ ಏನೂ ಆಗಲಿಲ್ಲ. ಇವಳ ಸೊಂಟದ ಮೂಳೆ ಮುರಿಯಿತು.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ನೋಡಲು ಹೋದೆ. ಹಾಲ್‌ನಲ್ಲೇ ಮಂಚ ಹಾಕಿದ್ದರು. ಮಗಳಿಗೆ, "ಪುಟ್ಟಿ, ಆಂಟಿಗೆ ನೀರು ಕೊಡು," ಎಂದಳು. ಹುಡುಗಿ, "ಐ ನೋ, ಅಮ್ಮಾ," ಎಂದು ಲೋಟ ತಂದಿಟ್ಟು ತಾಯಿಯ ಕಾಲಬುಡದಲ್ಲೇ ಕೂತಿತು. ಅಲ್ಲಿಂದ ಏಳಲಿಲ್ಲ.

"ರೋಡ್ ಅಗಲ ಮಾಡೋದನ್ನ ನಿಮ್ಮ ಆಫೀಸಿನ ಅಂಕಲ್ಲೇ ತಡೆದಿದಾರಂತೆ, ಹೌದೇನೆ?" ಎಂದಳು.

"ಒಪ್ಪಂದ ಸರಿಯಿಲ್ಲ ಅಂತ..."

"ಒಪ್ಪಂದ! ಎಲ್ಲರೂ ಏನಂತಾರೆ ಗೊತ್ತಾ? ಅವರಿಗೆ ಅಲ್ಲೆಲ್ಲೋ ಜಮೀನಿದೆಯಂತೆ. ರೇಟ್ ಏರಲಿ ಅಂತ ಕಾಯ್ತಿದಾರಂತೆ. ನೀನು ಪಕ್ಕದಲ್ಲೇ ಕೂತಿರ್ತೀಯ, ನಿಂಗೆ ಗೊತ್ತಿಲ್ವಾ?"

ನನಗೆ ಗೊತ್ತಿರಲಿಲ್ಲ. ಆದರೆ ಅವತ್ತಿನಿಂದ ನಾನು ಅವರನ್ನು ನೋಡುವ ಕಣ್ಣು ಬೇರೆಯಾಯಿತು. ಫೋನು ಬಂದರೆ ಎದ್ದು ಹೊರಗೆ ಹೋಗುತ್ತಾರೆ, ಯಾಕೆ? ಶುಕ್ರವಾರ ಮಧ್ಯಾಹ್ನ ಬೇಗ ಹೊರಡುತ್ತಾರೆ, ಎಲ್ಲಿಗೆ? ಮೊದಲೂ ಹೋಗುತ್ತಿದ್ದರು. ಆಗ ನನಗೆ ಕಾಣುತ್ತಿರಲಿಲ್ಲ, ಅಷ್ಟೆ.

ಮುಂದಿನ ತಿಂಗಳು ಡಾಲಸ್ ಕಡೆ ಕೌಂಟಿ ಅಧಿಕಾರಿಗಳ ಸಮ್ಮೇಳನವಿತ್ತು. ವಿಮಾನ ನಿಲ್ದಾಣದ ಮಗ್ಗುಲಿಗೆ, ಯೂಲೆಸ್‌ನ ಒಂದು ಹೋಟೆಲಿನಲ್ಲಿ. ಇಬ್ಬರೂ ಅವರ ಕಾರಿನಲ್ಲೇ ಹೋದೆವು. ಬಲಗಡೆಯ ಸಾಲು ಬಿಟ್ಟು ಕದಲದೆ, ಎರಡೂ ಕೈಯಲ್ಲಿ ಸ್ಟಿಯರಿಂಗ್ ಹಿಡಿದು ಡ್ರೈವ್ ಮಾಡಿದರು. ವೇದಿಕೆಯ ಮೇಲೆ ಒಬ್ಬರು ರಾಜ್ಯ ಮತ್ತು ಕೌಂಟಿಗಳ ಪಾಲುದಾರಿಕೆ ಎಂದು ಶುರುಮಾಡಿದ ಕೂಡಲೆ ನನ್ನ ಕಡೆ ಬಾಗಿ, "ಪಾಲು ಅವರ್ದು, ದಾರಿಕಿ ನಮ್ದು," ಎಂದರು. ಬೇರೆ ದಿನವಾಗಿದ್ದರೆ ನಗುತ್ತಿದ್ದೆ.

ಊಟದ ಹೊತ್ತಿಗೆ ಅವರು ಕಾಣಲಿಲ್ಲ. ಹುಡುಕುತ್ತ ಲಾಬಿಗೆ ಬಂದೆ. ಮೂಲೆಯ ಸೋಫಾದಲ್ಲಿ ಸೂಟು ಹಾಕಿದ ಒಬ್ಬ ಮನುಷ್ಯನ ಎದುರು ಕೂತಿದ್ದರು. ಆತನನ್ನು ನಮ್ಮ ಕಚೇರಿಯಲ್ಲಿ ಎಲ್ಲರೂ ಬಲ್ಲರು. ರಸ್ತೆ ಎಲ್ಲಿ ಬರುತ್ತದೋ ಅಲ್ಲಿ ಮೊದಲೇ ಜಮೀನು ಕೊಳ್ಳುವ ದಲ್ಲಾಳಿ. ಆತ ನಗುತ್ತ ಒಂದು ಲಕೋಟೆ ಕೊಟ್ಟ. ಇವರು ಅದನ್ನು ತೆರೆದು ಒಳಗೆ ನೋಡಿ, ಮಡಿಸಿ, ಕೋಟಿನ ಒಳಜೇಬಿಗೆ ಹಾಕಿಕೊಂಡರು. ನಾನು ಕಂಬದ ಮರೆಗೆ ಸರಿದೆ.

ವಾಪಸು ಬರುವಾಗ ವೇಕೊ ಊರು ದಾಟುವವರೆಗೆ ನಾನು ಕಿಟಕಿಯ ಕಡೆಗೇ ತಿರುಗಿ ಕೂತಿದ್ದೆ. "ಯಾಕವಾ, ತಲಿ ನೋವೇನು?" ಎಂದರು. ಹೌದೆಂದೆ.

ಇಲ್ಲಿ ಯಾವ ಜಮೀನು ಯಾರದೆಂದು ಯಾರು ಬೇಕಾದರೂ ಕಂಪ್ಯೂಟರಿನಲ್ಲಿ ನೋಡಬಹುದು. ಮರುದಿನ ನಾನು ಅವರ ಹೆಸರು ಹಾಕಿ ಹುಡುಕಿದೆ. ಸಿಕ್ಕಿತು. ಹನ್ನೊಂದು ಎಕರೆ, ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿ, ಅದೇ ರಸ್ತೆಗೆ ತಾಗಿಕೊಂಡು. ನಿಜ ಹೇಳುತ್ತೇನೆ, ದುಃಖಕ್ಕಿಂತ ಹೆಚ್ಚಾಗಿ ಏನೋ ಗೆದ್ದ ಹಾಗೆ ಅನ್ನಿಸಿತು. ಪರದೆಯ ಆ ಪುಟವನ್ನು ಪ್ರಿಂಟ್ ಮಾಡಿಕೊಂಡು ನಮ್ಮ ವಿಭಾಗದ ನಿರ್ದೇಶಕಿಯ ಕೋಣೆಗೆ ಹೋದೆ. ಲಕೋಟೆಯ ವಿಷಯವನ್ನೂ ಹೇಳಿದೆ. ನನ್ನ ಹೆಸರು ಹೊರಗೆ ಬರಬಾರದು ಎಂದೆ. ಆಕೆ ಕಾಗದವನ್ನು ಎರಡು ಸಲ ಓದಿ, "ಬಾಗಿಲು ಹಾಕಿಕೊಂಡು ಹೋಗು," ಎಂದರು.

ವಿಚಾರಣೆ ಮುಗಿಯುವ ತನಕ ಮನೆಯಲ್ಲಿರಿ ಎಂದು ಅವರಿಗೆ ಹೇಳಲಾಯಿತು. ಮೂರು ವಾರ. ಅವರು ಕುರ್ಚಿಯನ್ನು ಮೇಜಿನೊಳಕ್ಕೆ ತಳ್ಳಿ, ಡ್ರಾಯರಿಗೆ ಬೀಗ ಹಾಕಿ, ಎಳೆದು ನೋಡಿ ಹೋದರು. ಅವರಿಲ್ಲದ ಎರಡನೆಯ ವಾರ ಒಪ್ಪಂದ ಸಭೆಗೆ ಬಂತು, ತಾರೀಖಿಲ್ಲದೆಯೇ ಸಹಿಯಾಯಿತು. ಬಡಾವಣೆಯವರು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ವಿಚಾರಣೆಯಲ್ಲಿ ಹೊರಬಂದದ್ದನ್ನು ನಿರ್ದೇಶಕಿ ನನ್ನನ್ನು ಕರೆದು ತಾವೇ ಹೇಳಿದರು. ರಸ್ತೆಯ ಮಾತು ಮೊದಲ ಸಲ ಕಚೇರಿಗೆ ಬಂದ ವಾರವೇ ಅವರು ದಾಖಲೆಗಳನ್ನು ಇಡುವ ಕೌಂಟಿ ಕ್ಲರ್ಕ್ ಬಳಿ ಹೋಗಿ, ಈ ರಸ್ತೆಗೆ ತಾಗಿ ನನ್ನದೊಂದು ಜಮೀನಿದೆ ಎಂದು ಪ್ರಮಾಣಪತ್ರ ಸಲ್ಲಿಸಿದ್ದರು. ನಿರ್ದೇಶಕಿ ಬರುವ ಮೊದಲಿನ ಮಾತಾದ್ದರಿಂದ ಆಕೆಗೂ ಅದು ತಿಳಿದಿರಲಿಲ್ಲ. ಯೂಲೆಸ್‌ನ ಲಕೋಟೆಯಲ್ಲಿದ್ದದ್ದು ಆ ಜಮೀನು ಕೊಳ್ಳುವ ದಲ್ಲಾಳಿಯ ಪತ್ರ; ಒಪ್ಪಂದಕ್ಕೆ ಸಹಿಯಾದ ದಿನ ಇಷ್ಟು ಕೊಡುತ್ತೇನೆ ಎಂದು ಬರೆದಿತ್ತು. ಅದನ್ನೂ ಅವರು ಮರುದಿನ ಬೆಳಿಗ್ಗೆಯೇ ಕ್ಲರ್ಕ್‌ಗೆ ಒಪ್ಪಿಸಿದ್ದರು. ನಾನು ಕಂಪ್ಯೂಟರಿನಲ್ಲಿ ಹುಡುಕುತ್ತ ಕೂತಿದ್ದ ಅದೇ ಬೆಳಿಗ್ಗೆ.

"ರಸ್ತೆ ಅಗಲವಾದರೆ ಅವರಿಗೆ ಲಾಭವಿತ್ತು," ಎಂದರು ನಿರ್ದೇಶಕಿ. "ಒಂದು ವರ್ಷದಿಂದ ಆ ಮನುಷ್ಯ ತಡೆದದ್ದು ತನ್ನ ಲಾಭವನ್ನೇ."

ಅಷ್ಟು ಸರಳವಾದದ್ದು ನನಗೆ ಯಾಕೆ ಹೊಳೆಯಲಿಲ್ಲ? ಜಮೀನಿದೆ ಎಂದು ಗೊತ್ತಾದದ್ದೇ ಸಾಕಾಗಿತ್ತು. ಆ ಜಮೀನು ಯಾವ ಕಡೆ ವಾಲುತ್ತದೆ ಎಂದು ನಾನು ಕೇಳಿಕೊಳ್ಳಲೇ ಇಲ್ಲ.

ಅವರು ಕೆಲಸಕ್ಕೆ ಮರಳಿದರು. ಯಾರಿಗೂ ಏನೂ ಅನ್ನಲಿಲ್ಲ. ನನ್ನೊಂದಿಗೆ ಮೊದಲಿನ ಹಾಗೇ ಮಾತಾಡಿದರು, ಮೊದಲಿನ ಹಾಗೇ ಕರಡು ತಿದ್ದಿಸಿದರು. ನಾನು ಹೇಳಿಬಿಡಬೇಕೆಂದು ಎಷ್ಟೋ ಸಲ ಅವರ ಮೇಜಿನವರೆಗೆ ಹೋಗಿ, ಸ್ಟೇಪ್ಲರ್ ಕೇಳಿ ವಾಪಸು ಬಂದೆ. ಚೀಲಗಳು ಬರುವುದು ಮಾತ್ರ ನಿಂತಿತು. ಕೆಲವು ತಿಂಗಳ ಮೇಲೆ ಮತ್ತೆ ಕಂಪ್ಯೂಟರಿನಲ್ಲಿ ನೋಡಿದರೆ ಆ ಹನ್ನೊಂದು ಎಕರೆ ಪಕ್ಕದ ದನದ ಫಾರ್ಮಿನವನ ಹೆಸರಿಗೆ ಆಗಿತ್ತು. ಆಂಟಿಯ ಬದನೆ, ಮೆಂತೆ ಬೆಳೆಯುತ್ತಿದ್ದದ್ದು ಅಲ್ಲೇ ಎಂದು ಆಗ ಹೊಳೆಯಿತು. ದಲ್ಲಾಳಿಗೆ ಕೊಡಲಿಲ್ಲ, ಕೌಂಟಿ ಜಮೀನು ಕೊಳ್ಳಲು ಬರುವವರೆಗೂ ಕಾಯಲಿಲ್ಲ. ಯಾರ ಬಾಯಿಗೂ ಸಿಗದಂತೆ ಕೈತೊಳೆದುಕೊಂಡಿದ್ದರು.

ಮರುವರ್ಷ ರಿಟೈರ್ ಆದರು. ಕೇಕು ಕತ್ತರಿಸುವ ಮೊದಲು ಅದರ ಮೇಲೆ ತಮ್ಮ ಹೆಸರನ್ನು ಸರಿಯಾಗಿ ಬರೆದಿದ್ದಾರೋ ಇಲ್ಲವೋ ನೋಡಿದರು. ಸರಿಯಾಗಿರಲಿಲ್ಲ. ಮಗಳು ಹ್ಯೂಸ್ಟನ್‌ನಲ್ಲಿ ಡಾಕ್ಟರು. ಗಂಡ ಹೆಂಡತಿ ಅಲ್ಲೇ ಪಕ್ಕದ ಪೇರ್ಲ್ಯಾಂಡಿನ ಅವಳ ಮನೆಗೆ ಹೋದರು. ಅವರ ಕುರ್ಚಿ ನನಗೆ ಬಂತು.

ಕೌಂಟಿ ಜಮೀನು ಕೊಂಡಿತು. ಪೈಪುಗಳನ್ನು ಸರಿಸಿತು, ಕಂಬಗಳನ್ನು ಕಿತ್ತು ಆಚೆ ನೆಟ್ಟಿತು. ಪೇಟೆಯ ಎರಡು ಹಳೆಯ ರಸ್ತೆಗಳ ಹೊಂಡ ಮುಚ್ಚುವುದೂ ನಮ್ಮ ಪಾಲಿಗೆ ಬಂತು. ನಮ್ಮ ಕಡೆಯದೆಲ್ಲ ಮುಗಿದ ಮೇಲೆ ರಾಜ್ಯದಿಂದ ಪತ್ರ ಬಂತು. ಬಹಳ ವಿನಯದ ಪತ್ರ. ಹ್ಯೂಸ್ಟನ್ ಕಡೆಯ ಒಂದು ತುರ್ತು ಕಾಮಗಾರಿಯಿಂದಾಗಿ ನಿಮ್ಮ ರಸ್ತೆಯನ್ನು ಸದ್ಯಕ್ಕೆ ಮುಂದೂಡಲಾಗಿದೆ. ರಾಜ್ಯದವರು ಒಪ್ಪಂದ ಮುರಿದಿರಲಿಲ್ಲ. ಹಣ ಲಭ್ಯವಿದ್ದಲ್ಲಿ ಎಂಬ ಆ ಎರಡು ಪದಗಳು ಅವರ ಪರವಾಗಿ ಅಲ್ಲೇ ಕೂತಿದ್ದವು.

ಆ ದಿನ ನಾನು ಹಳೆಯ ಕಡತದಿಂದ ಸರ್ ಬರೆದಿದ್ದ ಟಿಪ್ಪಣಿಯನ್ನು ತೆಗೆದೆ. ಅದನ್ನು ಟೈಪ್ ಮಾಡಲು ಕೊಟ್ಟವಳು ನಾನೇ. ಆದರೆ ಓದಿದ್ದು ಮೊದಲ ಪುಟ ಮಾತ್ರ. ಜಡ್ಜ್ ಓದಿದ್ದೂ ಅಷ್ಟೇ ಇರಬೇಕು. ಮೂರನೆಯ ಪುಟದಲ್ಲಿ ಅವರು ಬರೆದಿದ್ದರು: ನಾಲ್ಕು ಸಾಲಿನ ರಸ್ತೆಗಾಗಿ ಕಾಯುವಷ್ಟು ಕಾಲ ತಿರುವಿನ ಬಡಾವಣೆಯವರು ಕಾಯಲಾರರು. ರಾಜ್ಯದ ಅನುಮತಿ ಪಡೆದು, ಅಲ್ಲಿ ಎಡಕ್ಕೆ ತಿರುಗುವವರಿಗೆ ಒಂದು ಬೇರೆ ಸಾಲನ್ನು ಕೌಂಟಿ ತನ್ನ ದುಡ್ಡಿನಲ್ಲೇ ಈ ಬೇಸಿಗೆಯಲ್ಲಿ ಮಾಡಬಹುದು. ಕೆಳಗೆ ಪೆನ್ಸಿಲಿನಲ್ಲಿ ಬಿಡಿಸಿದ ಒಂದು ಚಿತ್ರ.

ಈ ಬೇಸಿಗೆ ಎಂದರೆ ನನ್ನ ಗೆಳತಿಯ ಅಪಘಾತಕ್ಕೆ ಮೊದಲಿನ ಬೇಸಿಗೆ.

ಈ ಸಲ ಜಡ್ಜ್ ಮುಂದೆ ಮೂರನೆಯ ಪುಟವನ್ನೇ ಮೇಲಿಟ್ಟು ಕೊಟ್ಟೆ. ಓದಿ ಮುಗಿಸುವವರೆಗೂ ಎದುರಿಗೇ ನಿಂತೆ. ಮುಂದಿನ ಬೇಸಿಗೆಗೆ ಆ ಸಾಲು ಆಯಿತು. ಗೆಳತಿ ಕೋಲೂರಿಕೊಂಡು ಬಂದು ನೋಡಿದಳು. "ಇಷ್ಟೇನಾ?" ಎಂದಳು. "ಇಷ್ಟಕ್ಕೆ ಇಷ್ಟು ವರ್ಷ ಬೇಕಾಯ್ತಾ?"

ಪೇರ್ಲ್ಯಾಂಡಿಗೆ ಫೋನು ಮಾಡಿ ಅವರಿಗೆ ತಿಳಿಸಿದೆ. ಶಹಬ್ಬಾಸ್ ಅನ್ನಬಹುದೆಂದು ಒಳಗೊಳಗೇ ಆಸೆಯಿತ್ತು.

"ಮಳಿ ಆತೇನು ಆಮ್ಯಾಲೆ?" ಎಂದರು.

"ಇನ್ನೂ ಆಗಿಲ್ಲ ಸರ್."

"ಆಗ್ಲಿ. ನೀರ ಎಲ್ಲಿ ನಿಲ್ತೈತಿ ನೋಡಿ ಬಂದು ಹೇಳು. ಗುತ್ತಿಗೆದಾರ ಹೇಳಿದ್ದು ನನಗ ಬ್ಯಾಡ. ನೀ ಖುದ್ದ ನಿಂತು ನೋಡು."

ಮಳೆ ಬಂದಾಗ ಹೋಗಿ ನಿಂತು ನೋಡಿದೆ. ಒಂದು ಕಡೆ ನೀರು ನಿಲ್ಲುತ್ತಿತ್ತು. ಸರಿ ಮಾಡಿಸಿದೆ. ಅದನ್ನು ಹೇಳಲು ಫೋನು ಮಾಡಿದಾಗಲೂ ಹಳೆಯದನ್ನು ಹೇಳಿಬಿಡೋಣ ಎಂದು ನಾಲಿಗೆಯ ತುದಿಗೆ ಬಂದಿತ್ತು. ಅವರು, "ಚಲೋ ಆತು, ಇಡ್ಲೇನು?" ಎಂದು ಫೋನಿಟ್ಟರು. ಅದೇ ಕೊನೆಯ ಮಾತು.

ಹೋದ ತಿಂಗಳು ಅವರು ಹೋಗಿಬಿಟ್ಟರು. ನಿದ್ದೆಯಲ್ಲೇ ಹೃದಯ ನಿಂತಿತಂತೆ. ಹದಿಮೂರನೆಯ ದಿನಕ್ಕೆ ನಾನೊಬ್ಬಳೇ ಡ್ರೈವ್ ಮಾಡಿಕೊಂಡು ಪೇರ್ಲ್ಯಾಂಡಿಗೆ ಹೋದೆ. ಮನೆ ತುಂಬ ಜನ. ದೇವಸ್ಥಾನದಿಂದ ಬಂದ ಪುರೋಹಿತರು ಹೊರಟಿದ್ದರು. ಆಂಟಿ ಹಿಂದಿನ ವರಾಂಡದಲ್ಲಿ ಒಬ್ಬರೇ ಕೂತಿದ್ದರು. ನಾನು ಪಕ್ಕದ ಕುರ್ಚಿಯಲ್ಲಿ ಕೂತು, ಇನ್ನು ತಡೆಯಲಾರದೆ, "ಆಂಟಿ, ನಿಮಗೊಂದು ವಿಷಯ ಹೇಳಬೇಕು," ಎಂದೆ.

"ಗೊತ್ತೈತಿ," ಎಂದರು.

ನಾನು ಕುರ್ಚಿಯನ್ನು ಅವರ ಕಡೆ ತಿರುಗಿಸಿಕೊಂಡೆ.

"ಮನ್ಯಾಗ ಇರ್ರಿ ಅಂದ್ರಲ್ಲ, ಅವತ್ತ ಅವರಿಗೂ ಗೊತ್ತಾತು. ಕಂಪ್ಯೂಟರ್‌ನ್ಯಾಗ ನನ್ನ ಹೆಸರ ಹಾಕಿ ಹುಡುಕೂವಂಥ ಬುದ್ಧಿ ಆ ಆಫೀಸನ್ಯಾಗ ಒಬ್ಬಾಕಿಗೇ ಐತಿ ಅಂದ್ರು. ನಕ್ಕೋತ ಬಂದ್ರು ಮನೀಗೆ. ಹುಡುಗಿ ಕೆಲಸ ಕಲತ್ಲು, ನನ್ನ ಕುರ್ಚಿ ಅಕಿಗೇ ಕೊಡ್ರಿ ಅಂತ ನಿಮ್ಮ ಆಫೀಸಿನ ದೊಡ್ಡಾಕಿಗೆ ಹೇಳಿ ಬಂದದ್ದೂ ಅವರೇ."

ಅವರ ಕೈ ಹಿಡಿಯಲು ಕೈ ಚಾಚಿದೆ. ಆಂಟಿ ತಮ್ಮ ಕೈಯನ್ನು ಮಡಿಲಿಗೆ ಎಳೆದುಕೊಂಡರು.

"ಅವರು ಹಂಗಂದ್ರು. ನಾ ಅನ್ನಂಗಿಲ್ಲ. ಮೂರ ವಾರ ಆ ಮನಷ್ಯಾ ಬೆಳಿಗ್ಗೆ ಎದ್ದು ಇಸ್ತ್ರಿ ಅಂಗಿ ಹಾಕ್ಕೊಂಡು ಡೈನಿಂಗ್ ಟೇಬಲ್ ಮುಂದ ಕುಂಡರ್ತಿದ್ರು. ಅದನ್ನ ನಾ ನೋಡೀನಿ. ನೀ ನೋಡಿಲ್ಲ."

ಒಳಗಿನಿಂದ ಮೊಮ್ಮಗಳು, "ಅಜ್ಜಿ, ಪೀಪಲ್ ಆರ್ ಈಟಿಂಗ್, ಕಮ್," ಎಂದು ಕರೆದಳು. ಆಂಟಿ ಕುರ್ಚಿಯ ಕೈ ಹಿಡಿದು ಎದ್ದರು. ಬಾಗಿಲವರೆಗೆ ಹೋಗಿ, ಹಿಂದಿರುಗಿ ನೋಡದೆ, "ದೂರದಿಂದ ಬಂದೀದಿ. ಉಂಡು ಹೋಗು," ಎಂದರು.

ನಾನು ಒಳಗೆ ಹೋಗಿ ಕೂತೆ. ಆಂಟಿಯೇ ಬಡಿಸಿದರು, ಎಲ್ಲರಿಗೂ ಬಡಿಸಿದ ಹಾಗೆ. ಏನನ್ನೂ ಬಿಡದೆ ಉಂಡೆ.